ಒಂದೇ ಕ್ಲಿಕ್‌ನ ಟೀನಿ ಹ್ಯಾರಿಸ್

ಮುಹಮ್ಮದ್ ಅಲಿ ತನ್ನ ತಾಯಿಯನ್ನು ಎರಡೂ ಕೈಗಳಲ್ಲಿ ಮಗುವಿನಂತೆ ಎತ್ತಿಕೊಂಡಿರುವ ಒಂದು ಕಪ್ಪು ಬಿಳುಪು ಫೋಟೊ ಇದೆ. 1963ರ ಜನವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ನಗರದಲ್ಲಿ ತೆಗೆದದ್ದು. ಆಗ ಅಲಿ ಇನ್ನೂ ಕ್ಯಾಶಿಯಸ್ ಕ್ಲೇ. ಚಾರ್ಲಿ ಪೊವೆಲ್ ಜೊತೆಗಿನ ಪಂದ್ಯಕ್ಕಾಗಿ ಆ ಊರಿಗೆ ಬಂದಿದ್ದರು. ಅಲಿ ಯಾರೆಂದು ನಮಗೆಲ್ಲ ಗೊತ್ತು. ಆದರೆ ಆ ಫೋಟೊ ತೆಗೆದವರು ಯಾರು ಅಂತ ಕೇಳಿದರೆ ನಮ್ಮಲ್ಲಿ ಹೆಚ್ಚಿನವರು ಸುಮ್ಮನಾಗುತ್ತೇವೆ. ಅವರು ಚಾರ್ಲ್ಸ್ ಹ್ಯಾರಿಸ್. ಊರವರ ಬಾಯಲ್ಲಿ ಟೀನಿ ಹ್ಯಾರಿಸ್.

ಹ್ಯಾರಿಸ್ ಹುಟ್ಟಿದ್ದು 1908ರ ಜುಲೈ 2ರಂದು, ಪಿಟ್ಸ್‌ಬರ್ಗ್‌ನಲ್ಲೇ. ಉಕ್ಕಿನ ಕಾರ್ಖಾನೆಗಳ ಆ ನಗರದಲ್ಲಿ ಕಪ್ಪು ಜನಾಂಗದವರು ದೊಡ್ಡ ಸಂಖ್ಯೆಯಲ್ಲಿದ್ದ ಬಡಾವಣೆ ಹಿಲ್ ಡಿಸ್ಟ್ರಿಕ್ಟ್. ಅಲ್ಲಿ ಅವರ ಹೆತ್ತವರು ಹೋಟೆಲ್ ನಡೆಸುತ್ತಿದ್ದರು. ಯೌವನದಲ್ಲಿ ಹ್ಯಾರಿಸ್‌ಗೆ ಬೇಸ್‌ಬಾಲ್ ಹುಚ್ಚು. ಮುಂದೆ ಬಹಳ ಹೆಸರು ಮಾಡಿದ ಕ್ರಾಫರ್ಡ್ಸ್ ತಂಡವನ್ನು ಆರಂಭದಲ್ಲಿ ಕಟ್ಟಿದ ಹುಡುಗರಲ್ಲಿ ಅವರೂ ಒಬ್ಬರು. ಕ್ಯಾಮೆರಾ ಕೈಗೆ ಬಂದದ್ದು ಅಣ್ಣನ ನೆರವಿನಿಂದ. ಆ ಅಣ್ಣ ನಮ್ಮ ಕಡೆಯ ಮಟ್ಕಾದಂಥ ನಂಬರ್ ಆಟ ನಡೆಸಿ ಹಣ ಮಾಡಿದವರು ಎಂಬುದನ್ನೂ ಇಲ್ಲಿ ಹೇಳಿಬಿಡಬೇಕು.

1930ರ ದಶಕದ ನಡುವಿನಲ್ಲಿ ಹ್ಯಾರಿಸ್ ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಗೆ ಫೋಟೊ ಕೊಡತೊಡಗಿದರು. ಅಮೆರಿಕದ ಕಪ್ಪು ಜನಾಂಗದವರು ದೇಶದುದ್ದಕ್ಕೂ ಓದುತ್ತಿದ್ದ ಪತ್ರಿಕೆ ಅದು. ಸುಮಾರು 40 ವರ್ಷ ಅದರ ಜೊತೆಗಿದ್ದರು. ಸೆಂಟರ್ ಅವೆನ್ಯೂದಲ್ಲಿ ಸ್ವಂತ ಸ್ಟುಡಿಯೋವನ್ನೂ ಇಟ್ಟಿದ್ದರು.

ಅವರ ದೊಡ್ಡ ಸ್ಪೀಡ್ ಗ್ರಾಫಿಕ್ ಕ್ಯಾಮೆರಾದ ಫ್ಲ್ಯಾಶ್ ಬಲ್ಬು ಒಂದು ಸಲ ಉರಿದರೆ ಮುಗಿಯಿತು, ಎಸೆಯುವುದೇ. ಬೇರೆಯವರು ಮತ್ತೆ ಮತ್ತೆ ನಿಲ್ಲಿಸಿ ತೆಗೆಯುತ್ತಿದ್ದರೆ ಹ್ಯಾರಿಸ್ ಒಂದೇ ಸಲ ಒತ್ತಿ ಹೊರಟುಬಿಡುತ್ತಿದ್ದರು. ಇದನ್ನು ನೋಡಿ ಮೇಯರ್ ಡೇವಿಡ್ ಲಾರೆನ್ಸ್ ಅವರಿಗೆ ಒನ್ ಶಾಟ್ ಅಂತ ಹೆಸರಿಟ್ಟರು. ಆ ಹೆಸರು ಕೊನೆಯವರೆಗೂ ಉಳಿಯಿತು.

ಮಾರ್ಟಿನ್ ಲೂಥರ್ ಕಿಂಗ್, ಜಾನ್ ಕೆನಡಿ, ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಹೀಗೆ ಊರಿಗೆ ಬಂದ ದೊಡ್ಡವರೆಲ್ಲ ಅವರ ಕ್ಯಾಮೆರಾಕ್ಕೆ ಸಿಕ್ಕಿದರು. ಆದರೆ ಹ್ಯಾರಿಸ್ ಅವರ ನಿಜವಾದ ಆಸ್ತಿ ಅದಲ್ಲ. ಮದುವೆ ಮನೆ, ಶಾಲೆಯ ಮಕ್ಕಳು, ಕ್ಷೌರದಂಗಡಿ, ಪ್ರಾರ್ಥನೆ ಮುಗಿಸಿ ಬರುವ ಕುಟುಂಬಗಳು, ಕೆಲಸದ ಬಟ್ಟೆಯಲ್ಲಿರುವ ಗಂಡಸರು, ಬೀದಿಯಲ್ಲಿ ಆಡುವ ಹುಡುಗರು, ಇವೇ ಅವರ ಆಸ್ತಿ. ಬಿಳಿಯರ ಪತ್ರಿಕೆಗಳಲ್ಲಿ ಕಪ್ಪು ಜನಾಂಗದವರ ಮುಖ ಕಾಣುತ್ತಿದ್ದದ್ದು ಹೆಚ್ಚಾಗಿ ಅಪರಾಧದ ಸುದ್ದಿಯ ಜೊತೆಗೆ. ಹ್ಯಾರಿಸ್ ಅದೇ ಜನರನ್ನು ಅವರ ಮನೆಯವರು ನೋಡುವ ಹಾಗೆ ನೋಡಿದರು.

ನಂತರ ಆ ಬೀದಿಗಳೇ ಹೋದವು. ಹೆಸರಿಟ್ಟ ಅದೇ ಮೇಯರ್ ಲಾರೆನ್ಸ್ ಅವರ ಕಾಲದಲ್ಲಿ ನಗರ ನವೀಕರಣದ ಯೋಜನೆ ಬಂತು. 1956ರಿಂದ ಹಿಲ್ ಡಿಸ್ಟ್ರಿಕ್ಟ್‌ನ ಕೆಳಭಾಗವನ್ನು ಕೆಡವತೊಡಗಿದರು. ಸುಮಾರು 95 ಎಕರೆ ನೆಲ, 1,300 ಕಟ್ಟಡಗಳು, 400ಕ್ಕೂ ಹೆಚ್ಚು ಅಂಗಡಿ ವ್ಯಾಪಾರಗಳು. ಮನೆ ಬಿಟ್ಟವರು ಸುಮಾರು 8,000 ಮಂದಿ. ಕಪ್ಪು ಜನಾಂಗದವರ ಹಳೆಯ ಬೆತೆಲ್ ಚರ್ಚ್ ಕೂಡ ಉಳಿಯಲಿಲ್ಲ. ಅಲ್ಲಿ ಎದ್ದು ನಿಂತ ಸಿವಿಕ್ ಅರೀನಾ ಎಂಬ ಭಾರೀ ಕ್ರೀಡಾಂಗಣ 1961ರಲ್ಲಿ ತೆರೆಯಿತು. ವಿಶೇಷ ನೋಡಿ, ಇವತ್ತು ಆ ಅರೀನಾವೂ ಇಲ್ಲ, 2012ರ ಹೊತ್ತಿಗೆ ಅದನ್ನೂ ಕೆಡವಿ ಆಯಿತು. ಉಳಿದದ್ದು ಹ್ಯಾರಿಸ್ ಅವರ ನೆಗೆಟಿವ್‌ಗಳು, ಹತ್ತಿರ ಹತ್ತಿರ 80,000.

ಅವೂ ಕೈಬಿಟ್ಟು ಹೋಗುವುದರಲ್ಲಿದ್ದವು. 1980ರ ದಶಕದಲ್ಲಿ ಸ್ಥಳೀಯ ವ್ಯಾಪಾರಿಯೊಬ್ಬರು 3,000 ಡಾಲರ್ ಮುಂಗಡ ಕೊಟ್ಟು, ಬಂದ ಲಾಭದಲ್ಲಿ ಪಾಲು ಕೊಡುವ ಮಾತಿನ ಮೇಲೆ ಸಂಗ್ರಹವನ್ನು ಒಯ್ದರು. ಮುಪ್ಪಿನ ಕಾಲದಲ್ಲಿ ಹ್ಯಾರಿಸ್ ತನ್ನ ಫೋಟೊಗಳಿಗಾಗಿ ಕೋರ್ಟಿಗೆ ಹೋಗಬೇಕಾಯಿತು. 1998ರ ಜೂನ್ 12ರಂದು, 89ರ ವಯಸ್ಸಿನಲ್ಲಿ ತೀರಿಕೊಂಡರು. ಸಂಗ್ರಹ ಕುಟುಂಬಕ್ಕೆ ಮರಳಿದ್ದು ಆಮೇಲೆ. ಅದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 2001ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಕಲಾ ಸಂಗ್ರಹಾಲಯ ಅದನ್ನು ಪಡೆದುಕೊಂಡಿತು.

ಅಲ್ಲಿ ಹೊಸ ಕಷ್ಟ ಎದುರಾಯಿತು. ಹೆಚ್ಚಿನ ನೆಗೆಟಿವ್‌ಗಳಲ್ಲಿ ಹೆಸರಿಲ್ಲ, ದಿನಾಂಕ ಇಲ್ಲ. ಹ್ಯಾರಿಸ್‌ಗೆ ಎಲ್ಲರ ಗುರುತಿತ್ತು, ಬರೆದಿಡುವ ಅಗತ್ಯ ಕಾಣಲಿಲ್ಲವೇನೋ. ಸಂಗ್ರಹಾಲಯದವರು ಊರಿನ ಹಿರಿಯರನ್ನು ಕರೆದು ಫೋಟೊ ತೋರಿಸಿದರು. ಇವಳು ನನ್ನ ಅಕ್ಕ, ಇದು ನಮ್ಮ ಬೀದಿ, ಇವರು ನಮ್ಮ ಮೇಷ್ಟ್ರು ಅಂತ ಒಬ್ಬೊಬ್ಬರಾಗಿ ಹೇಳಿದ ಹಾಗೆ ಹೆಸರುಗಳು ಸೇರಿದವು. ಗುರುತಿಸುವವರು ತೀರಿಕೊಂಡಿದ್ದ ಕಡೆ ಮುಖಗಳು ಹಾಗೇ ಉಳಿದವು.

ನಮ್ಮ ಮನೆಗಳ ಕಪಾಟಿನಲ್ಲೂ ಹಳೆ ಆಲ್ಬಂಗಳಿವೆ. ಅಜ್ಜನ ಪಕ್ಕ ನಿಂತವರು ಯಾರು, ಆ ಹಿಂದೆ ಕಾಣುವ ಅಂಗಡಿ ಯಾರದ್ದು ಅಂತ ಹೇಳಬಲ್ಲ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಫೋಟೊ ಒಂದೇ ಕ್ಲಿಕ್‌ಗೆ ಸಿಗುತ್ತದೆ. ಹೆಸರು ಹಾಗಲ್ಲ, ಕೇಳಿ ಬರೆದಿಟ್ಟುಕೊಳ್ಳಬೇಕು. ಆ ಕೆಲಸವನ್ನು ನಾವು ಈ ವಾರವೇ ಶುರು ಮಾಡಬಹುದು.