ಗುಂಟೂರಿನ ವೈದ್ಯ ಸೋದರಿ ಮೇರಿ ಗ್ಲೌರಿ

ತಪಸ್ಸುಕಾಲದ ಒಂದು ಸಂಜೆ ಸಂಶಿಯ ತರುಣಿಯೊಬ್ಬಳು ನಮ್ಮನ್ನು ಕಾಣಲು ಬಂದಿದ್ದಳು. ಶುಶ್ರೂಷಾ ತರಬೇತಿ ಮುಗಿಸಿ ನಗರದ ಆಸ್ಪತ್ರೆಯೊಂದಕ್ಕೆ ಸೇರಿ ಅವಳಿಗೆ ಇನ್ನೂ ಹೆಚ್ಚು ದಿನಗಳಾಗಿರಲಿಲ್ಲ. ಗರ್ಭಪಾತ ನಡೆಯುವ ಕೋಣೆಯ ಕೆಲಸಕ್ಕೆ ತನ್ನನ್ನು ಹಾಕಿದರೆ ಒಲ್ಲೆನೆನ್ನಬಹುದೇ, ಹಾಗೆಂದರೆ ಕಾನೂನು ತನ್ನ ಬೆನ್ನಿಗೆ ನಿಲ್ಲುವುದೇ ಎಂಬುದು ಅವಳ ಪ್ರಶ್ನೆ. ಗುರುಮಠದಲ್ಲಿ ಅಂತಃಸಾಕ್ಷಿಯ ಕುರಿತು ನಾವು ಓದಿದ್ದು ಬಹಳ. ಆ ಸಂಜೆ ಅದರಿಂದ ಒದಗಿದ್ದು ಸ್ವಲ್ಪ. ಅವಳು ಹೋದ ಮೇಲೆ ನಮಗೆ ನೆನಪಾದದ್ದು ಬೆಂಗಳೂರಿನಲ್ಲಿ ಕಣ್ಣುಮುಚ್ಚಿದ ಒಬ್ಬ ವೈದ್ಯೆಯ ಬಾಳು.

ಮೇರಿ ಗ್ಲೌರಿ ಹುಟ್ಟಿದ್ದು 1887ರ ಜೂನ್ 23ರಂದು, ಆಸ್ಟ್ರೇಲಿಯಾದ ವಿಕ್ಟೋರಿಯಾ ಪ್ರಾಂತದ ಬಿರೆಗುರ ಎಂಬ ಹಳ್ಳಿಯಲ್ಲಿ. ಬೆಳೆದದ್ದು ಮಳೆ ಕಡಿಮೆಯಾದ, ಗೋಧಿ ಬೆಳೆಯುವ ಬಯಲುಸೀಮೆಯ ವಾಚೆಂ ಊರಿನಲ್ಲಿ. ನಮ್ಮ ಎರೆಹೊಲಗಳ ಓದುಗರಿಗೆ ಅಂಥ ಊರನ್ನು ಬಣ್ಣಿಸಬೇಕಾಗಿಲ್ಲ. ವಿದ್ಯಾರ್ಥಿವೇತನದ ಬಲದಿಂದ ಮೆಲ್ಬರ್ನ್ ವಿಶ್ವವಿದ್ಯಾಲಯ ಸೇರಿ, ಕಲಾವಿಭಾಗವನ್ನು ಬಿಟ್ಟು ವೈದ್ಯಕೀಯಕ್ಕೆ ಹೊರಳಿ, 1910ರಲ್ಲಿ ಪದವಿ ಪಡೆದರು. ಹೆಣ್ಣುಮಕ್ಕಳು ವೈದ್ಯರಾಗುವುದು ಆ ನಾಡಿನಲ್ಲೂ ಅಪರೂಪವಾಗಿದ್ದ ಕಾಲವದು. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್ ಆಸ್ಪತ್ರೆಯಲ್ಲಿ ಅನುಭವ ಪಡೆದು ಮರಳಿದ ಮೇಲೆ ಮೆಲ್ಬರ್ನಿನ ಕಾಲಿನ್ಸ್ ಬೀದಿಯಲ್ಲಿ ಸ್ವಂತ ಚಿಕಿತ್ಸಾಲಯ ತೆರೆದರು. 1916ರಲ್ಲಿ ಹುಟ್ಟಿದ ಕಥೋಲಿಕ ಮಹಿಳಾ ಸಮಾಜಸೇವಾ ಸಂಘಕ್ಕೆ ಅವರೇ ಮೊದಲ ಅಧ್ಯಕ್ಷೆ. ಹೆಸರು, ಹಣ, ಮನ್ನಣೆ ಮೂರೂ ಕೈಗೆ ಬಂದಿದ್ದವು.

ಅಷ್ಟರಲ್ಲಿ, 1915ರಲ್ಲಿ, ಒಂದು ಕಿರುಹೊತ್ತಗೆ ಅವರ ಕೈಸೇರಿತ್ತು. ಸ್ಕಾಟ್ಲೆಂಡಿನ ವೈದ್ಯೆ ಆಗ್ನೆಸ್ ಮೆಕ್ಲಾರೆನ್ ಅವರ ಜೀವನವದು. ಅರವತ್ತು ದಾಟಿದ ಮೇಲೆ ಕಥೋಲಿಕ ಧರ್ಮಸಭೆಯನ್ನು ಸೇರಿದ ಈಕೆ ಎಪ್ಪತ್ತರ ಆಚೆಗಿನ ವಯಸ್ಸಿನಲ್ಲಿ ರಾವಲ್ಪಿಂಡಿಗೆ ಬಂದು, ಪರದೆಯ ಮರೆಯಲ್ಲಿದ್ದ ತಾಯಂದಿರು ಪುರುಷ ವೈದ್ಯರ ಮುಂದೆ ಬರಲೊಲ್ಲದೆ ಸಾಯುವುದನ್ನು ಕಂಡಿದ್ದರು. ಧರ್ಮಭಗಿನಿಯರೇ ವೈದ್ಯರಾಗಿ ಬರಲೆಂದರೆ ಅಡ್ಡಿಯಾಗಿದ್ದದ್ದು ಧರ್ಮಸಭೆಯ ಕಟ್ಟಳೆಯೇ. ವ್ರತಧಾರಿಣಿಯರು ಹೆರಿಗೆ ಮಾಡಿಸುವುದನ್ನು ಅಂದಿನ ಶಿಸ್ತು ಒಪ್ಪುತ್ತಿರಲಿಲ್ಲ. ಮೆಕ್ಲಾರೆನ್ ರೋಮಿಗೆ ಮತ್ತೆ ಮತ್ತೆ ಮನವಿ ಸಲ್ಲಿಸಿ, ಉತ್ತರ ದೊರೆಯುವ ಮುನ್ನವೇ 1913ರಲ್ಲಿ ತೀರಿಕೊಂಡರು.

ಇಲ್ಲಿ ಸ್ವಲ್ಪ ನಿಲ್ಲಬೇಕೆನಿಸುತ್ತದೆ. ಅಂತಃಸಾಕ್ಷಿಗೂ ಕಾನೂನಿಗೂ ಇಕ್ಕಟ್ಟು ಬರುವುದು ಸರ್ಕಾರದ ಕಾನೂನಿನೊಂದಿಗೆ ಮಾತ್ರವೆಂದು ನಾವು ತಿಳಿದಿರುತ್ತೇವೆ. ಈ ಇಬ್ಬರು ಸ್ತ್ರೀಯರಿಗೆ ಅದು ಬಂದದ್ದು ತಮ್ಮ ತಾಯಿ ಧರ್ಮಸಭೆಯೊಂದಿಗೆ. ಅವರು ಕಟ್ಟಳೆಯನ್ನು ಮುರಿಯಲಿಲ್ಲ, ಸುಮ್ಮನೂ ಕೂರಲಿಲ್ಲ. ಕೇಳಿದರು, ಕಾದರು, ಮತ್ತೆ ಕೇಳಿದರು. ಕಾಯುವಾಗ ಸತ್ತ ತಾಯಂದಿರೆಷ್ಟು ಎಂಬ ಪ್ರಶ್ನೆ ಯಾಜಕರಾದ ನಮ್ಮನ್ನು ಚುಚ್ಚದೆ ಬಿಡುವುದಿಲ್ಲ.

ಮೇರಿ ಗ್ಲೌರಿ ತಮ್ಮ ಹೆಜ್ಜೆಗೆ ನಾಲ್ಕು ವರ್ಷ ಸಿದ್ಧತೆ ನಡೆಸಿದರು. ಪ್ರಸೂತಿ, ಸ್ತ್ರೀರೋಗ ಮತ್ತು ನೇತ್ರಚಿಕಿತ್ಸೆಯಲ್ಲಿ ಉನ್ನತ ವ್ಯಾಸಂಗ ಮಾಡಿ 1919ರಲ್ಲಿ ಎಂ.ಡಿ. ಪಡೆದರು. 1920ರ ಜನವರಿಯಲ್ಲಿ ಹಡಗು ಹತ್ತಿ, ಫೆಬ್ರವರಿ 12ರಂದು ಗುಂಟೂರು ತಲುಪಿದರು. ಅಲ್ಲಿ 1904ರಿಂದ ಸೇವೆಯಲ್ಲಿದ್ದ ಡಚ್ ಮೂಲದ ಯೇಸು ಮರಿಯ ಜೋಸೆಫರ ಸಭೆಗೆ ಸೇರಿ, ಪವಿತ್ರ ಹೃದಯದ ಸೋದರಿ ಮೇರಿ ಎಂಬ ಹೆಸರು ಪಡೆದರು. ವ್ರತಧಾರಿಣಿಯಾಗಿಯೂ ವೈದ್ಯವೃತ್ತಿ ನಡೆಸಲು ಹದಿನೈದನೆಯ ಬೆನೆಡಿಕ್ಟ್ ಜಗದ್ಗುರುಗಳು ಅವರಿಗೆ ವಿಶೇಷ ಅನುಮತಿ ನೀಡಿದರು. ಆ ಬಾಗಿಲು ಎಲ್ಲ ಧರ್ಮಭಗಿನಿಯರಿಗೂ ತೆರೆದದ್ದು 1936ರ ಫೆಬ್ರವರಿಯಲ್ಲಿ.

ಗುಂಟೂರು ನಮಗೆ ದೂರದ ಊರಲ್ಲ. ಧಾರವಾಡದಲ್ಲಿ ಕೇಂದ್ರ ಕಚೇರಿಯಿದ್ದ ದಕ್ಷಿಣ ಮರಾಠಾ ರೈಲ್ವೆಯೇ ಹುಬ್ಬಳ್ಳಿಯಿಂದ ಗದಗು, ಬಳ್ಳಾರಿ, ಗುಂತಕಲ್ಲುಗಳ ಮೇಲೆ ಗುಂಟೂರಿನವರೆಗೂ ಹಳಿ ಹಾಸಿತ್ತು. ಆ ಸೀಮೆಯಲ್ಲಿ ಸೋದರಿ ಮೇರಿ ಒಂದು ಸಣ್ಣ ಔಷಧಾಲಯವನ್ನು ಸಂತ ಜೋಸೆಫರ ಆಸ್ಪತ್ರೆಯಾಗಿ ಬೆಳೆಸಿದರು. ಬಹುಕಾಲ ಅಲ್ಲಿ ಅವರೊಬ್ಬರೇ ವೈದ್ಯರು. ಸ್ಥಳೀಯ ಹೆಣ್ಣುಮಕ್ಕಳನ್ನು ಸೂಲಗಿತ್ತಿಯರಾಗಿ, ದಾದಿಯರಾಗಿ, ಔಷಧ ತಯಾರಿಸುವವರಾಗಿ ತರಬೇತುಗೊಳಿಸಿದರು. ಈ ನೆಲದ ಗಿಡಮೂಲಿಕೆಗಳ ಗುಣವನ್ನೂ ಅಭ್ಯಸಿಸಿದರು.

ಅದೇ ಕಾಲದಲ್ಲಿ ಜಗತ್ತಿನ ವೈದ್ಯಕೀಯದ ನಡೆ ಬದಲಾಗುತ್ತಿತ್ತು. 1930ರಲ್ಲಿ ಮೈಸೂರು ಸಂಸ್ಥಾನ ಸಂತಾನ ನಿಯಂತ್ರಣದ ಸರ್ಕಾರಿ ಚಿಕಿತ್ಸಾಲಯಗಳನ್ನು ತೆರೆದು ಈ ವಿಷಯದಲ್ಲಿ ಜಗತ್ತಿಗೇ ಮೊದಲಿಗನಾಯಿತು. ಯೂರೋಪಿನಲ್ಲಿ ದುರ್ಬಲರು ಹುಟ್ಟಲೇಬಾರದೆಂಬ ವಾದ ಪ್ರಬಲವಾಗಿ, ಜರ್ಮನಿಯಲ್ಲಿ ಕೊಲೆಯ ರೂಪವನ್ನೇ ತಾಳಿತು. ಇಂಥ ಹೊತ್ತಿನಲ್ಲಿ ಒಬ್ಬೊಬ್ಬ ದಾದಿಯೂ ಒಬ್ಬೊಬ್ಬ ವೈದ್ಯನೂ ಒಂಟಿಯಾಗಿ ನಿಲ್ಲಲಾರರೆಂದು ಸೋದರಿ ಮೇರಿ ಕಂಡುಕೊಂಡರು. 1943ರ ಜುಲೈ 29ರಂದು ಹದಿನಾರು ಮಂದಿ ಧರ್ಮಭಗಿನಿಯರು ಅವರೊಡನೆ ಕೂಡಿ ಕಥೋಲಿಕ ಆಸ್ಪತ್ರೆಗಳ ಸಂಘವನ್ನು ಕಟ್ಟಿದರು. ಇಂದು ಭಾರತ ಕಥೋಲಿಕ ಆರೋಗ್ಯ ಸಂಘವೆಂಬ ಹೆಸರಿನ ಅದರಲ್ಲಿ ಸುಮಾರು 3,500 ಸದಸ್ಯ ಸಂಸ್ಥೆಗಳಿವೆ. ಜೀವದ ಪಾವಿತ್ರ್ಯವನ್ನು ಎತ್ತಿಹಿಡಿಯುವ, ಅದೇ ನೀತಿಯಲ್ಲಿ ವೈದ್ಯರನ್ನು ತಯಾರು ಮಾಡುವ ಒಂದು ವೈದ್ಯಕೀಯ ಕಾಲೇಜು ಬೇಕೆಂಬುದೂ ಅವರ ಕನಸಾಗಿತ್ತು.

ಸಂಶಿಯ ಆ ತರುಣಿಯ ಪ್ರಶ್ನೆಗೆ ನೇರ ಉತ್ತರ ಸುಖಕರವಲ್ಲ. ಗರ್ಭಪಾತವನ್ನು ಕೆಲವು ಷರತ್ತುಗಳ ಮೇಲೆ ಅನುಮತಿಸುವ ನಮ್ಮ ಕಾಯಿದೆ 1971ರದು. 2021ರ ತಿದ್ದುಪಡಿ ಕೆಲವು ವರ್ಗದ ಸ್ತ್ರೀಯರಿಗೆ ಅವಧಿಯನ್ನು 24 ವಾರಗಳಿಗೆ ಏರಿಸಿದೆ. ಬ್ರಿಟನ್ನಿನ 1967ರ ಕಾಯಿದೆಯಲ್ಲಿ ಅಂತಃಸಾಕ್ಷಿ ಒಪ್ಪದವರು ಭಾಗವಹಿಸಬೇಕಿಲ್ಲವೆಂಬ ಕಲಮು ಇದೆ, ತಾಯಿಯ ಪ್ರಾಣ ಉಳಿಸುವ ಸಂದರ್ಭವನ್ನು ಹೊರತುಪಡಿಸಿ. ನಮ್ಮದರಲ್ಲಿ ಅದಿಲ್ಲ. ಬದಲಿಗೆ, ಭಾರತೀಯ ವೈದ್ಯ ಪರಿಷತ್ತಿನ 2002ರ ನಿಯಮಾವಳಿ, ವೈದ್ಯಕೀಯ ಕಾರಣವಿದ್ದಾಗ ಧರ್ಮದ ಕಾರಣವೊಂದರಿಂದಲೇ ವೈದ್ಯರು ನಿರಾಕರಿಸಬಾರದೆನ್ನುತ್ತದೆ. ಸಂವಿಧಾನದ 25ನೆಯ ಅನುಚ್ಛೇದ ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನು ಕೊಟ್ಟಿದೆ ನಿಜ. ಆದರೆ ರಾತ್ರಿ ಪಾಳಿಯ ದಾದಿಯೊಬ್ಬಳು ಅದನ್ನು ಹಿಡಿದು ಮೇಲಧಿಕಾರಿಯ ಮುಂದೆ ನಿಲ್ಲುವುದು ಹೇಗೆ? ನಮ್ಮ ಕಾಯಿದೆಗೂ ಅಂಥದೊಂದು ಕಲಮು ಬೇಕೆಂದು ಕೇಳುವುದು ನ್ಯಾಯವೇ ಆಗಿದೆ.

ಹೀಗೆ ಕೇಳುವ ನಾವು ಇನ್ನೊಂದು ಸಾವಿನ ಮುಂದೆ ತಲೆ ತಗ್ಗಿಸಿಯೇ ಕೇಳಬೇಕು. ಬೆಳಗಾವಿಯ ಮನೆಮಗಳಾದ ದಂತವೈದ್ಯೆ ಸವಿತಾ ಹಾಲಪ್ಪನವರ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೆಯಲ್ಲಿ ತೀರಿಕೊಂಡರು. ಹದಿನೇಳನೆಯ ವಾರದಲ್ಲಿ ಗರ್ಭ ಜಾರುತ್ತಿತ್ತು. ಅದನ್ನು ತೆಗೆಯಿರೆಂದು ಕೇಳಿಕೊಂಡರೂ ಶಿಶುವಿನ ಹೃದಯಬಡಿತವಿದೆಯೆಂದು ನಿರಾಕರಿಸಲಾಯಿತು. ಆಕೆಯ ರಕ್ತಕ್ಕೆ ಏರಿದ ನಂಜನ್ನು ಸಕಾಲದಲ್ಲಿ ಗುರುತಿಸಲಿಲ್ಲವೆಂದು ತನಿಖೆ ಕಂಡುಕೊಂಡಿತು. ತಾಯಿಯ ಮಾರಕ ರೋಗಕ್ಕೆ ಚಿಕಿತ್ಸೆ ನೀಡುವಾಗ, ಬಯಸದೆಯೂ ತಪ್ಪಿಸಲಾಗದೆಯೂ ಶಿಶು ಉಳಿಯದೆ ಹೋದರೆ, ಧರ್ಮಸಭೆಯ ನೀತಿಶಾಸ್ತ್ರ ಅದನ್ನು ಕೊಲೆಯೆನ್ನುವುದಿಲ್ಲ. ಅಕ್ವಿನಾಸಿನ ಸಂತ ಥಾಮಸರ ಪ್ರಕಾರ ಅಂತಃಸಾಕ್ಷಿಯೆಂಬುದು ಭಾವಾವೇಶವಲ್ಲ. ತಿಳಿವಳಿಕೆಯನ್ನು ಎದುರಿನ ಕಾರ್ಯಕ್ಕೆ ಅನ್ವಯಿಸುವ ಬುದ್ಧಿಯ ತೀರ್ಪು. ರೋಗವನ್ನೇ ಅರಿಯದವನ ತೀರ್ಪು ಎಷ್ಟರ ಮಟ್ಟಿನದು? ಮೇರಿ ಗ್ಲೌರಿ ವ್ರತಕ್ಕೆ ಮುನ್ನ ಪ್ರಸೂತಿಶಾಸ್ತ್ರದ ಎಂ.ಡಿ. ಪಡೆದದ್ದರ ಅರ್ಥ ನಮಗೆ ಈಗ ಹೆಚ್ಚು ಹೊಳೆಯುತ್ತದೆ.

ಆ ತರುಣಿಗೆ ನಾವು ಬರೆದ ಪತ್ರದಲ್ಲಿ ಇವೆಲ್ಲವೂ ಇದ್ದವು. ಕೆಲಸಕ್ಕೆ ಹಾಕುವ ಮುನ್ನವೇ ಮೇಲಿನವರಿಗೆ ಬರೆದು ತಿಳಿಸಬೇಕು, ಗರ್ಭಪಾತಕ್ಕೆ ಬಂದ ಹೆಂಗಸಿನ ಮೇಲೆ ಒಂದು ಬಿರುನುಡಿಯೂ ಆಡಬಾರದು, ಅವಳಿಗೆ ರಕ್ತಸ್ರಾವವಾದರೆ ಮೊದಲು ಓಡಿಹೋಗಿ ನಿಲ್ಲುವವಳು ತಾನೇ ಆಗಬೇಕು ಎಂದೂ ಸೇರಿಸಿದ್ದೆವು.

ಸೋದರಿ ಮೇರಿ ಮೂವತ್ತೇಳು ವರ್ಷ ಭಾರತದಲ್ಲಿದ್ದರು. ಕೊನೆಗೆ ಅರ್ಬುದ ರೋಗ ತಗಲಿ, ದೀರ್ಘ ನೋವನ್ನುಂಡು, 1957ರ ಮೇ 5ರಂದು ಬೆಂಗಳೂರಿನಲ್ಲಿ ಪ್ರಾಣಬಿಟ್ಟರು. ಅವರು ಬಯಸಿದಂಥ ಕಾಲೇಜು, ಸಂತ ಜಾನರ ವೈದ್ಯಕೀಯ ಮಹಾವಿದ್ಯಾಲಯ, ಅದೇ ಊರಿನಲ್ಲಿ 1963ರಲ್ಲಿ ಆರಂಭವಾಯಿತು.