ಅಫೀಮನ್ನು ಕಡಲಿಗೆ ಹರಿಸಿದ ಅಧಿಕಾರಿ ಲಿನ್ ಝೆಶು

ಪ್ರಜೆಗಳ ಆರೋಗ್ಯಕ್ಕಾಗಿ ಸರ್ಕಾರ ಮಾಡಿದ ಕಾನೂನಿನಿಂದ ವಿದೇಶಿ ವರ್ತಕರಿಗೆ ನಷ್ಟವಾದರೆ ಅದನ್ನು ಯಾರು ಭರಿಸಬೇಕು? ಇಂದಿನ ಹೂಡಿಕೆ ಒಪ್ಪಂದಗಳ ಸುತ್ತ ಏಳುವ ಈ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಎದುರಿಸಿದವನು ಚೀನಾದ ಲಿನ್ ಝೆಶು.

1785ರಲ್ಲಿ ಫುಝೌ ನಗರದ ಬಡ ಶಿಕ್ಷಕನೊಬ್ಬನ ಮಗನಾಗಿ ಜನಿಸಿದ ಲಿನ್, 1811ರಲ್ಲಿ ಸಾಮ್ರಾಜ್ಯದ ಅತ್ಯುನ್ನತ ಪರೀಕ್ಷೆಯಲ್ಲಿ ಉತ್ತೀರ್ಣನಾದ. ಲಂಚ ಮುಟ್ಟದ ಅಧಿಕಾರಿಯೆಂಬ ಕೀರ್ತಿ ಬಹುಬೇಗ ಅವನಿಗೆ ಬಂದಿತು.

ಆ ವೇಳೆಗೆ ಭಾರತದ ಅಫೀಮು ಚೀನಾವನ್ನು ಆವರಿಸಿತ್ತು. ಬಿಹಾರ, ಬನಾರಸ್ ಸೀಮೆಯ ಅಫೀಮನ್ನು ಈಸ್ಟ್ ಇಂಡಿಯಾ ಕಂಪನಿ ಕಲ್ಕತ್ತೆಯಲ್ಲಿ ಹರಾಜು ಹಾಕುತ್ತಿತ್ತು. ನಿಷೇಧವಿದ್ದರೂ ಖಾಸಗಿ ವರ್ತಕರು ಅದನ್ನು ಚೀನಾದ ಕರಾವಳಿಗೆ ಕದ್ದು ಸಾಗಿಸುತ್ತಿದ್ದರು. ಜನರು ವ್ಯಸನಕ್ಕೆ ಬಲಿಯಾದರು, ಬೆಳ್ಳಿ ದೇಶದಿಂದ ಹೊರಗೆ ಹರಿಯಿತು.

ಚಕ್ರವರ್ತಿಯ ವಿಶೇಷ ಆಯುಕ್ತನಾಗಿ ಲಿನ್ 1839ರ ಮಾರ್ಚ್‌ನಲ್ಲಿ ಕ್ಯಾಂಟನ್‌ಗೆ ಬಂದ. ವಿದೇಶಿ ಗ್ರಂಥಗಳಿಂದ ಅಂತರರಾಷ್ಟ್ರೀಯ ಕಾನೂನಿನ ಭಾಗಗಳನ್ನು ಅನುವಾದಿಸಿಕೊಂಡು ಓದಿದ. ವರ್ತಕರ ವಸತಿಗೆ ದಿಗ್ಬಂಧನ ಹಾಕಿ 20 ಸಾವಿರಕ್ಕೂ ಹೆಚ್ಚು ಪೆಟ್ಟಿಗೆ ಅಫೀಮನ್ನು ವಶಪಡಿಸಿಕೊಂಡ. ಜೂನ್‌ನಲ್ಲಿ ಹುಮೆನ್ ಬಳಿ ಅದನ್ನು ಉಪ್ಪು, ಸುಣ್ಣ ಬೆರೆಸಿದ ನೀರಿನಲ್ಲಿ ಕರಗಿಸಿ ಕಡಲಿಗೆ ಹರಿಸಿದ.

ಆದರೆ ವರ್ತಕರು ಸರಕನ್ನು ಒಪ್ಪಿಸಿದ್ದು ಬ್ರಿಟಿಷ್ ಅಧಿಕಾರಿ ಚಾರ್ಲ್ಸ್ ಎಲಿಯಟ್ ಮೂಲಕ, ಬ್ರಿಟಿಷ್ ಸರ್ಕಾರದ ಹೆಸರಿನಲ್ಲಿ. ಹೀಗಾಗಿ ಕಳ್ಳಸಾಗಣೆದಾರರ ನಷ್ಟ ಒಂದು ಸಾಮ್ರಾಜ್ಯದ ಹಕ್ಕೊತ್ತಾಯವಾಗಿ ಮಾರ್ಪಟ್ಟು ಯುದ್ಧ ಆರಂಭವಾಯಿತು. 1840ರಲ್ಲಿ ಹುದ್ದೆ ಕಳೆದುಕೊಂಡ ಲಿನ್‌ನನ್ನು ಬಳಿಕ ದೂರದ ಇಲಿ ಪ್ರದೇಶಕ್ಕೆ ಗಡೀಪಾರು ಮಾಡಲಾಯಿತು. ಅಲ್ಲಿಯೂ ಅವನು ನೀರಾವರಿ ಕಾಮಗಾರಿಗಳಲ್ಲಿ ತೊಡಗಿದ.

1842ರ ನಾನ್‌ಜಿಂಗ್ ಒಪ್ಪಂದದಂತೆ ಚೀನಾ ತೆರಬೇಕಾದದ್ದು 210 ಲಕ್ಷ ಬೆಳ್ಳಿ ಡಾಲರ್. ಅದರಲ್ಲಿ 60 ಲಕ್ಷ, ನಾಶವಾದ ಅಫೀಮಿನ ಬೆಲೆ. ಹಾಂಗ್‌ಕಾಂಗ್ ಕೈತಪ್ಪಿತು, ಐದು ಬಂದರುಗಳು ತೆರೆದವು. ಸುಂಕವನ್ನು ತಾನೇ ನಿರ್ಧರಿಸುವ ಅಧಿಕಾರವೂ ಹೋಯಿತು. ಅದು ಮರಳಿ ದೊರೆತದ್ದು 1930ರ ಹೊತ್ತಿಗೆ. 1858ರಲ್ಲಿ ಅಫೀಮಿನ ಆಮದೇ ಕಾನೂನುಬದ್ಧವಾಯಿತು. ಅದನ್ನು ನೋಡಲು ಲಿನ್ ಇರಲಿಲ್ಲ. ಮರಳಿ ಸೇವೆಗೆ ಬಂದಿದ್ದ ಅವನು 1850ರಲ್ಲಿ, ಗುವಾಂಗ್‌ಸಿಯ ದಂಗೆ ಅಡಗಿಸಲು ಹೊರಟ ದಾರಿಯಲ್ಲಿ ನಿಧನನಾದ.

2011ರಲ್ಲಿ ಆಸ್ಟ್ರೇಲಿಯಾದ ಸಿಗರೇಟ್ ಪೊಟ್ಟಣದ ಕಾನೂನನ್ನು ಫಿಲಿಪ್ ಮಾರಿಸ್ ಏಷ್ಯಾ ಕಂಪನಿ ಪ್ರಶ್ನಿಸಿದ್ದು ಅದೇ ಹಾಂಗ್‌ಕಾಂಗ್ ಜತೆಗಿನ 1993ರ ಹೂಡಿಕೆ ಒಪ್ಪಂದದಡಿ. 2015ರಲ್ಲಿ ನ್ಯಾಯಮಂಡಳಿ, ತನಗೆ ಅಧಿಕಾರವ್ಯಾಪ್ತಿ ಇಲ್ಲವೆಂದು ದಾವೆಯನ್ನು ತಳ್ಳಿಹಾಕಿತು. ಯುದ್ಧನೌಕೆಗಳ ಜಾಗಕ್ಕೆ ನ್ಯಾಯಮಂಡಳಿಗಳು ಬಂದಿವೆ. ಲಿನ್ ಎದುರಿಸಿದ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.