ಆಲದ ಮರದಡಿಯ ಧರ್ಮಾಸ್ಪತ್ರೆ: ಫಾದರ್ ಮುಲ್ಲರ್ ಹಾಕಿಕೊಟ್ಟ ಲೆಕ್ಕಾಚಾರ

ಉಜಿರೆ: ಮುಂಜಾನೆ ಉಜಿರೆಯಿಂದ ಮಂಗಳೂರಿಗೆ ಹೊರಡುವ ಬಸ್ಸುಗಳಲ್ಲಿ ಎಕ್ಸ್‌ರೇ ಲಕೋಟೆ, ಔಷಧ ಚೀಟಿಗಳನ್ನು ಮಡಿಲಲ್ಲಿಟ್ಟುಕೊಂಡ ಒಬ್ಬಿಬ್ಬರು ಪ್ರಯಾಣಿಕರಾದರೂ ಇರುವುದು ಸಾಮಾನ್ಯ. ಬೆಳ್ತಂಗಡಿ, ಗುರುವಾಯನಕೆರೆ, ಬಂಟ್ವಾಳಗಳನ್ನು ದಾಟಿ ಸುಮಾರು 60 ಕಿಲೋಮೀಟರ್ ಕ್ರಮಿಸಿದ ಬಳಿಕ ಅವರಲ್ಲಿ ಕೆಲವರು ಇಳಿಯುವುದು ಕಂಕನಾಡಿಯಲ್ಲಿ. ಎಲ್ಲಿಗೆ ಹೊರಟಿರಿ ಎಂದು ಕೇಳಿದರೆ ಆಸ್ಪತ್ರೆ ಎಂಬ ಪದವನ್ನೂ ಸೇರಿಸದೆ ಮುಲ್ಲರ್‌ಗೆ ಎಂದಷ್ಟೇ ಉತ್ತರಿಸುತ್ತಾರೆ. ಕರಾವಳಿಯ ಜನರ ನಾಲಗೆಯಲ್ಲಿ ಊರಿನ ಹೆಸರಿನಂತೆಯೇ ಬೆರೆತುಹೋಗಿರುವ ಈ ಹೆಸರು 1910ರಲ್ಲಿ ತೀರಿಕೊಂಡ ಜರ್ಮನ್ ಪಾದ್ರಿಯೊಬ್ಬರದ್ದು.

ಬಡತನವನ್ನು ಕಂಡಾಗ ಮರುಗುವುದು ಸುಲಭ. ಮರುಗಿದ ಮನಸ್ಸು ಕೈಗೆ ಸಿಕ್ಕಿದ್ದನ್ನು ಕೊಟ್ಟು ಮುಂದೆ ಸಾಗುವುದೂ ಸುಲಭ. ಕೊಟ್ಟದ್ದು ನಾಳೆಗೂ ಉಳಿಯುವಂತೆ, ತಾನು ಇಲ್ಲವಾದ ಮೇಲೂ ನಡೆಯುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಮಾತ್ರ ಕಠಿಣವಾದದ್ದು. ಜಗತ್ತಿನ ಬಡತನಕ್ಕೆ ಕ್ರೈಸ್ತರು ವಿವೇಕದಿಂದ ಹೇಗೆ ಸ್ಪಂದಿಸಬೇಕು ಎಂಬ ಚರ್ಚೆ ಇಂದಿಗೂ ಮುಗಿದಿಲ್ಲ. ಆ ಚರ್ಚೆಗೆ ದಕ್ಷಿಣ ಕನ್ನಡದ ನೆಲದಲ್ಲಿ ಸಿಗುವ ಉತ್ತರಗಳಲ್ಲಿ ಫಾದರ್ ಅಗಸ್ಟಸ್ ಮುಲ್ಲರ್ ಅವರ ಬದುಕೂ ಒಂದು.

ಬರಗಾಲದ ಬೆನ್ನಿಗೆ ಬಂದವರು

ಅಗಸ್ಟಸ್ ಮುಲ್ಲರ್ 1841ರ ಮಾರ್ಚ್ 13ರಂದು ಜರ್ಮನಿಯ ವೆಸ್ಟ್‌ಫಾಲಿಯಾದಲ್ಲಿ ಜನಿಸಿದರು. ಕೆಥೋಲಿಕ ಧರ್ಮಸಭೆಯಲ್ಲಿ ವಿದ್ಯಾಭ್ಯಾಸ ಹಾಗೂ ಸೇವಾಕಾರ್ಯಗಳಿಗೆ ಹೆಸರಾದ ಯೇಸುಸಭೆಯನ್ನು ಸೇರಿ ಗುರುದೀಕ್ಷೆ ಪಡೆದರು. ಮಂಗಳೂರಿನ ಕೆಥೋಲಿಕ ಮಿಷನ್ನಿನ ಹೊಣೆಯನ್ನು ರೋಮ್ 1878ರಲ್ಲಿ ಯೇಸುಸಭೆಗೆ ವಹಿಸಿತು. ಆ ವರ್ಷದ ಕೊನೆಯ ದಿನ, ಡಿಸೆಂಬರ್ 31ರಂದು, ಮಂಗಳೂರಿಗೆ ಕಾಲಿಟ್ಟ ಮೊದಲ ತಂಡದಲ್ಲಿ ಮುಲ್ಲರ್ ಕೂಡ ಇದ್ದರು. ಆಗ ಅವರಿಗೆ 37 ವರ್ಷ.

ಅವರು ಬಂದ ಕಾಲವನ್ನು ಇಲ್ಲಿ ಗಮನಿಸಬೇಕು. 1876ರಿಂದ 1878ರವರೆಗಿನ ಭೀಕರ ಕ್ಷಾಮ ಮದ್ರಾಸ್ ಪ್ರಾಂತ್ಯ ಹಾಗೂ ಮೈಸೂರು ಸಂಸ್ಥಾನದಲ್ಲಿ ಲಕ್ಷಾಂತರ ಜನರನ್ನು ಬಲಿ ತೆಗೆದುಕೊಂಡಿತ್ತು. ಆಗ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಗೆ ಮಳೆಯ ಕೃಪೆಯಿಂದ ಅದರ ಹೊಡೆತ ಒಳನಾಡಿನಷ್ಟು ತಾಗಲಿಲ್ಲವಾದರೂ ಬಡವರ ಮನೆಯಲ್ಲಿ ಕಾಯಿಲೆ ಎಂದರೆ ದುಡಿಮೆಯ ನಷ್ಟ, ದುಡಿಮೆಯ ನಷ್ಟವೆಂದರೆ ಸಾಲ ಎಂಬ ಸ್ಥಿತಿಯಿತ್ತು. ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಬೆಳ್ತಂಗಡಿಯಂತಹ ಘಟ್ಟದ ತಪ್ಪಲಿನ ಸೀಮೆಯಿಂದ ಪಟ್ಟಣದ ವೈದ್ಯರ ಬಳಿಗೆ ಹೋಗಬೇಕಾದರೆ ಎತ್ತಿನ ಗಾಡಿಯೋ ಕಾಲ್ನಡಿಗೆಯೋ ಗತಿಯಾಗಿತ್ತು.

ಮುಲ್ಲರ್ ವೃತ್ತಿಯಿಂದ ವೈದ್ಯರಲ್ಲ. 1880ರ ಜನವರಿಯಲ್ಲಿ ಆರಂಭಗೊಂಡ ಸಂತ ಅಲೋಶಿಯಸ್ ಕಾಲೇಜಿನಲ್ಲಿ ಅವರು ಶಿಕ್ಷಕರಾಗಿದ್ದರು. ಹೋಮಿಯೋಪಥಿಯ ಪರಿಚಯವಿದ್ದ ಅವರು ತಮ್ಮೊಂದಿಗೆ ತಂದಿದ್ದ ಔಷಧ ಪೆಟ್ಟಿಗೆಯಿಂದ ಅಸ್ವಸ್ಥರಿಗೆ ಸಕ್ಕರೆ ಗುಳಿಗೆಗಳನ್ನು ಕೊಡತೊಡಗಿದರು. ಸುದ್ದಿ ಹಬ್ಬಿತು, ಬರುವವರ ಸಂಖ್ಯೆ ಹೆಚ್ಚಿತು. ಅದೇ 1880ರಲ್ಲಿ ಕಂಕನಾಡಿಯ ಆಲದ ಮರವೊಂದರ ನೆರಳಲ್ಲಿ ಬಡವರ ಹೋಮಿಯೋಪಥಿ ಔಷಧಾಲಯ ಆರಂಭವಾಯಿತು ಎಂದು ಸಂಸ್ಥೆಯ ಪರಂಪರೆ ನೆನೆಯುತ್ತದೆ.

ಮಾರಾಟದಿಂದ ದಾನ

ಇಲ್ಲಿಯವರೆಗಿನದು ದಯಾಳುವಾದ ಪಾದ್ರಿಯೊಬ್ಬರ ಕಥೆ. ಅಂಥವರು ಆ ಕಾಲದಲ್ಲಿ ಅನೇಕರಿದ್ದರು. ಮುಲ್ಲರ್ ಅವರನ್ನು ಬೇರೆಯಾಗಿ ನಿಲ್ಲಿಸುವುದು ಅವರ ಮುಂದಿನ ಹೆಜ್ಜೆ.

ಉಚಿತ ಔಷಧಕ್ಕೆ ಹಣ ಬೇಕು. ಯುರೋಪಿನ ದಾನಿಗಳಿಗೆ ಪತ್ರ ಬರೆದು ಕಾಯುವುದು ಎಲ್ಲ ಮಿಷನರಿಗಳಿಗೂ ತಿಳಿದಿದ್ದ ದಾರಿ. ಆದರೆ ಕಡಲಾಚೆಯ ದಾನ ಒಂದು ವರ್ಷ ಬಂದರೆ ಮರುವರ್ಷ ಬರುತ್ತದೆಂಬ ಭರವಸೆಯಿಲ್ಲ. ಮುಲ್ಲರ್ ಮತ್ತೊಂದು ದಾರಿ ಹಿಡಿದರು. ಔಷಧದ ಬೆಲೆ ತೆರಬಲ್ಲವರಿಗೆ ಅದನ್ನು ಮಾರಿದರು. ಯುರೋಪಿನಿಂದ ಮದ್ದುಗಳನ್ನು ತರಿಸಿ, ಮನೆಮಂದಿ ತಾವೇ ಬಳಸಲು ಅನುಕೂಲವಾಗುವಂತೆ ಕೈಪಿಡಿಗಳನ್ನು ಸಿದ್ಧಪಡಿಸಿ, ಅಂಚೆಯ ಮೂಲಕ ದೇಶದ ನಾನಾ ಭಾಗಗಳಿಗೆ ಕಳುಹಿಸುವ ವ್ಯವಸ್ಥೆ ಮಾಡಿದರು. ಹಣ ಕೊಟ್ಟು ಪಾರ್ಸೆಲ್ ಬಿಡಿಸಿಕೊಳ್ಳುವ ವಿ.ಪಿ. ಅಂಚೆ ಪದ್ಧತಿ ಭಾರತದಲ್ಲಿ 1877ರಲ್ಲಷ್ಟೇ ಜಾರಿಗೆ ಬಂದಿತ್ತು. ದೂರದೂರಿನ ಗಿರಾಕಿಯೊಂದಿಗೆ ವ್ಯವಹಾರ ನಡೆಸುವುದು ರೈಲಿಲ್ಲದ ಊರಿನಿಂದಲೂ ಸಾಧ್ಯವಾಗುವ ಕಾಲ ಅದಾಗಿತ್ತು.

ಹೀಗೆ ಬಂದ ಲಾಭ ಕಂಕನಾಡಿಯ ಬಡರೋಗಿಗಳ ಶುಶ್ರೂಷೆಗೆ ಸಂದಿತು. ಎಲ್ಲೋ ಒಂದು ಪಟ್ಟಣದಲ್ಲಿ ಸಂಬಳದಾರನೊಬ್ಬ ಗುಳಿಗೆಯ ಶೀಶೆಗೆ ತೆತ್ತ ಹಣ ಇಲ್ಲಿನ ಕೂಲಿಯಾಳಿನ ಗಂಜಿಯಾಯಿತು. ದಾನದ ಹಿಂದೆ ವ್ಯಾಪಾರದ ಲೆಕ್ಕ ಪುಸ್ತಕವಿದ್ದುದರಿಂದಲೇ ದಾನ ನಿಲ್ಲಲಿಲ್ಲ. ಇಂದು ಸಾಮಾಜಿಕ ಉದ್ಯಮ ಎಂಬ ಹೆಸರಿನಲ್ಲಿ ವಾಣಿಜ್ಯ ಕಾಲೇಜುಗಳಲ್ಲಿ ಬೋಧಿಸುವ ವಿಚಾರವನ್ನು ಈ ಪಾದ್ರಿ ಹತ್ತೊಂಬತ್ತನೆಯ ಶತಮಾನದಲ್ಲೇ ನಡೆಸಿ ತೋರಿಸಿದ್ದರು.

ದುಡಿಯಬಲ್ಲವರು, ದುಡಿಯಲಾರದವರು

ಮಂಗಳೂರಿನಲ್ಲಿ ಬಡತನದ ಬಗೆಗೆ ಯೋಚಿಸಿದ ಮೊದಲ ಕ್ರೈಸ್ತ ಸಂಸ್ಥೆ ಮುಲ್ಲರ್ ಅವರದ್ದಲ್ಲ. 1834ರಲ್ಲಿ ಬಂದಿಳಿದ ಪ್ರೊಟೆಸ್ಟಂಟರ ಬಾಸೆಲ್ ಮಿಷನ್, ಮತಾಂತರದ ಕಾರಣಕ್ಕೆ ಮನೆ ಮತ್ತು ಕಸುಬು ಕಳೆದುಕೊಂಡವರ ಹೊಟ್ಟೆಪಾಡಿನ ಸಮಸ್ಯೆಯನ್ನು ಎದುರಿಸಬೇಕಾಯಿತು. ಅನ್ನ ಹಂಚುವುದರಿಂದ ಅದು ಬಗೆಹರಿಯದೆಂದು ಅರಿತು 1851ರಲ್ಲಿ ನೇಯ್ಗೆಯನ್ನು, 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಅವರ ನೇತೃತ್ವದಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿತು. ಮಂಗಳೂರು ಹೆಂಚಿನ ಖ್ಯಾತಿ ಅಲ್ಲಿಂದ ಬೆಳೆಯಿತು. ಉಜಿರೆ, ಬಂಟ್ವಾಳ, ಮೂಡುಬಿದಿರೆ ಸೀಮೆಯ ಹಳೆಯ ಮನೆಗಳ ಮಾಡುಗಳಲ್ಲಿ ಆ ಉದ್ಯಮದ ಗುರುತು ಇಂದಿಗೂ ಕಾಣಸಿಗುತ್ತದೆ.

ಉದ್ಯೋಗ ಕೊಡುವುದು ದಾನಕ್ಕಿಂತ ಮೇಲು ಎಂಬುದು ಇದರ ಪಾಠ. ಆದರೆ ಈ ಪಾಠಕ್ಕೂ ಒಂದು ಮಿತಿಯಿತ್ತು. ಕೈಕಾಲು ಗಟ್ಟಿಯಿದ್ದವನಿಗೆ ಹೆಂಚಿನ ಕಾರ್ಖಾನೆ ಬದುಕು ಕೊಟ್ಟೀತು. ಬೆರಳುಗಳೇ ಉದುರಿಹೋದವನಿಗೆ?

ಈ ಪ್ರಶ್ನೆಗೆ ಮುಲ್ಲರ್ ಉತ್ತರ ಕೊಡಬೇಕಾಗಿ ಬಂತು. ಅಂದಿನ ಸಮಾಜದಲ್ಲಿ ಕುಷ್ಠರೋಗಿಗಿಂತ ಬಡವನಾದವನು ಬೇರೊಬ್ಬನಿರಲಿಲ್ಲ. ಆಸ್ತಿಯಿದ್ದವನಾದರೂ ಕುಷ್ಠ ತಗುಲಿದೊಡನೆ ಮನೆ, ಮಡದಿ ಮಕ್ಕಳು, ಊರು, ದೇವಾಲಯ ಎಲ್ಲವೂ ದೂರವಾಗುತ್ತಿದ್ದವು. ಅದು ಪೂರ್ವಜನ್ಮದ ಪಾಪವಲ್ಲ, ರೋಗಾಣುವಿನಿಂದ ಬರುವ ಕಾಯಿಲೆ ಎಂಬುದನ್ನು ನಾರ್ವೆಯ ಹ್ಯಾನ್ಸೆನ್ 1873ರಲ್ಲಿ ಗುರುತಿಸಿದ್ದರೂ ಜನಸಾಮಾನ್ಯರಿಗೆ ಆ ತಿಳಿವಳಿಕೆ ತಲುಪಿರಲಿಲ್ಲ. 1898ರ ಕುಷ್ಠರೋಗಿಗಳ ಕಾಯಿದೆಯಂತೂ ನಿರ್ಗತಿಕ ರೋಗಿಗಳನ್ನು ಬೀದಿಯಿಂದ ಹಿಡಿದೊಯ್ದು ಪ್ರತ್ಯೇಕವಾಗಿಡಲು ಅವಕಾಶ ನೀಡಿತು. ದೂರದ ಹವಾಯಿ ದ್ವೀಪದಲ್ಲಿ ಕುಷ್ಠರೋಗಿಗಳ ನಡುವೆ ಬಾಳಿದ ಬೆಲ್ಜಿಯಂನ ಪಾದ್ರಿ ಡೇಮಿಯನ್ ಅದೇ ರೋಗಕ್ಕೆ ತುತ್ತಾಗಿ 1889ರಲ್ಲಿ ಮೃತಪಟ್ಟಾಗ ಆ ಸುದ್ದಿ ಜಗತ್ತಿನಾದ್ಯಂತ ಹರಡಿತ್ತು.

ಔಷಧಕ್ಕಾಗಿ ಬಂದು ಮರಳಿ ಹೋಗಲು ಮನೆಯಿಲ್ಲದ ಇಂತಹ ರೋಗಿಗಳಿಗಾಗಿ ಮುಲ್ಲರ್ ಕಂಕನಾಡಿಯಲ್ಲಿ ಸಂತ ಜೋಸೆಫರ ಹೆಸರಿನ ಕುಷ್ಠರೋಗ ಆಶ್ರಮ ಸ್ಥಾಪಿಸಿದರು. 1890ರ ದಶಕದಲ್ಲಿ ಸಾಮಾನ್ಯ ಆಸ್ಪತ್ರೆಯೂ ತಲೆಯೆತ್ತಿತು. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ದಕ್ಷಿಣಕ್ಕೂ ಹಬ್ಬಿ, ಜನರು ಮನೆಗಳನ್ನು ತೊರೆದು ಬಯಲಿಗೆ ಓಡುತ್ತಿದ್ದ ದಿನಗಳಲ್ಲಿ ಪ್ಲೇಗ್ ಪೀಡಿತರಿಗೂ ಅಲ್ಲಿ ಪ್ರತ್ಯೇಕ ಆಸ್ಪತ್ರೆ ಏರ್ಪಟ್ಟಿತು. ಪ್ರತಿಯೊಂದು ಹೆಜ್ಜೆಯೂ ಬಾಗಿಲಿಗೆ ಬಂದು ನಿಂತ ರೋಗಿಯ ಅಗತ್ಯದಿಂದ ಹುಟ್ಟಿದ್ದೆಂಬುದು ಇಲ್ಲಿ ಗಮನಾರ್ಹ.

ಗುಳಿಗೆಯ ಗುಣವೆಷ್ಟು?

ಮುಲ್ಲರ್ ಅವರ ಬದುಕನ್ನು ಇಂದು ಬರೆಯುವವರು ಒಂದು ಮುಜುಗರದ ಸಂಗತಿಯನ್ನು ಮರೆಮಾಚಲಾಗದು. ಹೋಮಿಯೋಪಥಿಗೆ ಭಾರತದಲ್ಲಿ ಕಾನೂನಿನ ಮಾನ್ಯತೆಯಿದೆ, ಅಪಾರ ಸಂಖ್ಯೆಯ ಬಳಕೆದಾರರಿದ್ದಾರೆ. ಆದರೆ ಅದರ ಪರಿಣಾಮವನ್ನು ಪರಿಶೀಲಿಸಿದ ಆಸ್ಟ್ರೇಲಿಯಾದ ರಾಷ್ಟ್ರೀಯ ಆರೋಗ್ಯ ಹಾಗೂ ವೈದ್ಯಕೀಯ ಸಂಶೋಧನಾ ಮಂಡಳಿ, ಯಾವುದೇ ಕಾಯಿಲೆಗೆ ಅದು ಪರಿಣಾಮಕಾರಿ ಎನ್ನಲು ನಂಬಲರ್ಹ ಪುರಾವೆಯಿಲ್ಲ ಎಂದು 2015ರಲ್ಲಿ ತೀರ್ಮಾನಿಸಿತು. ಕುಷ್ಠಕ್ಕಂತೂ ಮುಲ್ಲರ್ ಕಾಲದಲ್ಲಿ ಯಾರ ಬಳಿಯೂ ಮದ್ದಿರಲಿಲ್ಲ. ಡ್ಯಾಪ್ಸೋನ್ ಬಳಕೆಗೆ ಬಂದದ್ದು 1940ರ ದಶಕದಲ್ಲಿ. ರೋಗವನ್ನು ಖಚಿತವಾಗಿ ಗುಣಪಡಿಸುವ ಬಹುಔಷಧ ಚಿಕಿತ್ಸೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದ್ದು 1981ರಲ್ಲಿ.

ಹಾಗಾದರೆ ಕಂಕನಾಡಿಯ ಆಶ್ರಮದಲ್ಲಿ ರೋಗಿಗಳಿಗೆ ಸಿಕ್ಕಿದ್ದೇನು? ಹುಣ್ಣು ತೊಳೆಯುವ ಕೈಗಳು, ಹೊತ್ತಿಗೆ ಸರಿಯಾಗಿ ಊಟ, ಮಳೆಗಾಲದಲ್ಲಿ ಸೋರದ ಮಾಡು, ಹೆಸರು ಹಿಡಿದು ಕರೆಯುವ ಜನ, ಸತ್ತಾಗ ಮರ್ಯಾದೆಯ ಮಣ್ಣು. ಪಾದರಸದ ಮದ್ದು, ರಕ್ತ ತೆಗೆಯುವಿಕೆಗಳಂತಹ ಅಪಾಯಕಾರಿ ಚಿಕಿತ್ಸೆಗಳ ನೆನಪು ಇನ್ನೂ ಮಾಸಿರದ ಕಾಲದಲ್ಲಿ ಸಕ್ಕರೆ ಗುಳಿಗೆ ಹಾನಿಯನ್ನಂತೂ ಮಾಡಲಿಲ್ಲ. ಶುಚಿತ್ವ, ಆಹಾರ, ವಿಶ್ರಾಂತಿ ತಮ್ಮ ಕೆಲಸವನ್ನು ಮಾಡಿದವು. ಬಡವರ ನೆರವಿಗೆ ನಿಂತವರು ತಮ್ಮ ನಂಬಿಕೆಯ ಮದ್ದನ್ನು ಕಾಲಕಾಲಕ್ಕೆ ಪರೀಕ್ಷಿಸಿಕೊಳ್ಳಬೇಕು ಎಂಬ ಎಚ್ಚರವನ್ನೂ ಈ ಕಥೆ ಕೊಡುತ್ತದೆ. ಮುಲ್ಲರ್ ಕಟ್ಟಿದ ಸಂಸ್ಥೆ ಒಂದೇ ಪದ್ಧತಿಗೆ ಅಂಟಿಕೊಳ್ಳದೆ ಆಧುನಿಕ ವೈದ್ಯವಿಜ್ಞಾನಕ್ಕೂ ಬಾಗಿಲು ತೆರೆದದ್ದು ಈ ದೃಷ್ಟಿಯಿಂದ ಮುಖ್ಯ.

ಇನ್ನೊಂದು ಪ್ರಶ್ನೆಯೂ ಕರಾವಳಿಯಲ್ಲಿ ಆಗಾಗ ಕೇಳಿಬರುತ್ತದೆ. ಮಿಷನರಿಗಳ ಸೇವೆಯ ಹಿಂದೆ ಮತಪ್ರಚಾರದ ಉದ್ದೇಶ ಇರಲಿಲ್ಲವೇ ಎಂಬುದು. ಮುಲ್ಲರ್ ಧರ್ಮಗುರುವಾಗಿದ್ದರು, ತಮ್ಮ ಶ್ರದ್ಧೆಯನ್ನು ಬಚ್ಚಿಟ್ಟವರಲ್ಲ. ಆದರೆ ಅವರ ಹೆಸರಿನ ಸಂಸ್ಥೆ ಕರಾವಳಿಯಲ್ಲಿ ಬೇರೂರಿದ್ದು ಜಾತಿ ಮತಗಳ ಭೇದವಿಲ್ಲದೆ ರೋಗಿಗಳು ಅಲ್ಲಿಗೆ ಬಂದುದರಿಂದ. ಚಿಕಿತ್ಸೆ ಪಡೆದವನು ತನ್ನ ದೇವರನ್ನು ಬಿಟ್ಟುಕೊಡಬೇಕಾದ ಶರತ್ತು ಇದ್ದಲ್ಲಿ ಸೇವೆ ವ್ಯಾಪಾರವಾಗುತ್ತದೆ. ಇಂದು ಅಲ್ಲಿನ ಸರದಿಯಲ್ಲಿ ಕುಂಕುಮ, ಬುರ್ಖಾ, ಶಿಲುಬೆಯ ಸರ ಒಟ್ಟಿಗೆ ನಿಂತಿರುವುದನ್ನು ಯಾರು ಬೇಕಾದರೂ ನೋಡಬಹುದು.

ಹೆಸರು ಉಳಿದದ್ದು ಹೇಗೆ

ಬ್ರಿಟಿಷ್ ಸರ್ಕಾರ ಮುಲ್ಲರ್ ಅವರ ಸೇವೆಯನ್ನು ಗುರುತಿಸಿ ಕೈಸರ್-ಇ-ಹಿಂದ್ ಪದಕ ನೀಡಿ ಗೌರವಿಸಿತು. 1910ರ ನವೆಂಬರ್ 1ರಂದು, ಕೆಥೋಲಿಕರು ಸಕಲ ಸಂತರ ಹಬ್ಬ ಆಚರಿಸುವ ದಿನ, ಅವರು ಕೊನೆಯುಸಿರೆಳೆದರು. ಮಂಗಳೂರಿನಲ್ಲಿ ಅವರು ಕಳೆದದ್ದು ಸುಮಾರು 32 ವರ್ಷ. ಬಂದು ಕೊಟ್ಟು ಹೋಗುವ ದಾನಿಗೂ ಬಂದು ನೆಲೆಸಿದ ಸೇವಕನಿಗೂ ಇರುವ ವ್ಯತ್ಯಾಸವನ್ನು ಈ ಸಂಖ್ಯೆಯೇ ಹೇಳುತ್ತದೆ.

ನಾಲ್ಕು ವರ್ಷಗಳ ಬಳಿಕ ಮೊದಲ ಮಹಾಯುದ್ಧ ಆರಂಭವಾದಾಗ ಬಾಸೆಲ್ ಮಿಷನ್ನಿನ ಜರ್ಮನ್ ಮಿಷನರಿಗಳು ಬಂಧನಕ್ಕೊಳಗಾದರು, ಅದರ ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿದವು. ಕಂಕನಾಡಿಯ ಧರ್ಮಾಸ್ಪತ್ರೆ ಮಾತ್ರ ತನ್ನ ಸ್ಥಾಪಕ ಜರ್ಮನ್ನನಾಗಿದ್ದರೂ ಮುಂದುವರಿಯಿತು. ಕಾಲಾನಂತರದಲ್ಲಿ ಅದರ ಆಡಳಿತ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಿ, ಸ್ಥಳೀಯ ಗುರುಗಳ ಕೈಯಲ್ಲಿ ಬೆಳೆಯಿತು. ಹೋಮಿಯೋಪಥಿ ವೈದ್ಯಕೀಯ ಕಾಲೇಜು 1985ರಲ್ಲಿ, ವೈದ್ಯಕೀಯ ಕಾಲೇಜು 1999ರಲ್ಲಿ ಆರಂಭಗೊಂಡವು. ಸಾವಿರಕ್ಕೂ ಹೆಚ್ಚು ಹಾಸಿಗೆಗಳ ಆಸ್ಪತ್ರೆಯೊಂದಿಗೆ ಔಷಧ ತಯಾರಿಕಾ ವಿಭಾಗವೂ ಇಂದಿಗೂ ನಡೆಯುತ್ತಿದೆ.

ಸಂಸ್ಥೆ ದೊಡ್ಡದಾದಂತೆ ಖರ್ಚೂ ದೊಡ್ಡದಾಗುತ್ತದೆ. ಸ್ಕ್ಯಾನಿಂಗ್ ಯಂತ್ರ, ತಜ್ಞ ವೈದ್ಯರು, ಶುಶ್ರೂಷಕಿಯರ ವೇತನ ಯಾವುದೂ ಅಗ್ಗವಲ್ಲ. ನಾಡಿನಲ್ಲಿ ಧರ್ಮಾಸ್ಪತ್ರೆಗಳಾಗಿ ಹುಟ್ಟಿದ ಸಂಸ್ಥೆಗಳೆಲ್ಲ ಇಂದು ಎದುರಿಸುತ್ತಿರುವ ಪ್ರಶ್ನೆ ಇದೇ: ಹಣ ಕೊಡಬಲ್ಲವರಿಂದ ಪಡೆದದ್ದು ಕೊಡಲಾರದವರನ್ನು ತಲುಪುತ್ತಿದೆಯೇ? 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಂತಹ ಸರ್ಕಾರಿ ಯೋಜನೆಗಳು ಈ ಭಾರವನ್ನು ಒಂದಿಷ್ಟು ಹಗುರಗೊಳಿಸಿದರೂ ಪ್ರಶ್ನೆ ಹಾಗೆಯೇ ಉಳಿದಿದೆ. ಮುಲ್ಲರ್ ಹಾಕಿಕೊಟ್ಟ ಲೆಕ್ಕಾಚಾರದಲ್ಲಿ ಲಾಭಕ್ಕೆ ಒಂದೇ ಗುರಿಯಿತ್ತು. ಆ ಗುರಿ ಮಸುಕಾದಲ್ಲಿ ಉಳಿಯುವುದು ಬರೀ ಮಾರಾಟ.

ಉಜಿರೆಯವರಿಗೆ ಈ ವಿಚಾರ ಹೊಸದೇನಲ್ಲ. ನಿರುದ್ಯೋಗಿ ಯುವಕರಿಗೆ ತರಬೇತಿ ನೀಡಿ ಸ್ವಂತ ಕಾಲ ಮೇಲೆ ನಿಲ್ಲಿಸುವ ರುಡ್‌ಸೆಟ್ ಸಂಸ್ಥೆ 1982ರಲ್ಲಿ ಹುಟ್ಟಿದ್ದು ಇದೇ ಊರಿನಲ್ಲಿ. ಧರ್ಮಸ್ಥಳದ ಮಂಜುನಾಥೇಶ್ವರ ಶಿಕ್ಷಣ ಸಂಸ್ಥೆಯೊಂದಿಗೆ ಸಿಂಡಿಕೇಟ್ ಹಾಗೂ ಕೆನರಾ ಬ್ಯಾಂಕುಗಳು ಸೇರಿ ರೂಪಿಸಿದ ಆ ಮಾದರಿ ಮುಂದೆ ದೇಶದಾದ್ಯಂತ ಅನುಸರಣೆಗೆ ಬಂತು. ದೇವಾಲಯದಿಂದ ಹೊರಟರೂ ಇಗರ್ಜಿಯಿಂದ ಹೊರಟರೂ ಬಡವನ ಮನೆ ತಲುಪುವ ವಿವೇಕದ ದಾರಿ ಬಹುತೇಕ ಒಂದೇ. ದುಡಿಯಬಲ್ಲವನಿಗೆ ಕಸುಬು, ದುಡಿಯಲಾರದವನಿಗೆ ಆಸರೆ, ಎರಡನ್ನೂ ನಡೆಸಲು ಪ್ರಾಮಾಣಿಕವಾದ ಲೆಕ್ಕ ಪುಸ್ತಕ.

ಸಂಜೆಯ ಬಸ್ಸಿನಲ್ಲಿ ಕಂಕನಾಡಿಯಿಂದ ಉಜಿರೆಗೆ ಮರಳುವವರಲ್ಲಿ ಅನೇಕರಿಗೆ ಮುಲ್ಲರ್ ಯಾವ ದೇಶದವರೆಂಬುದು ಗೊತ್ತಿರಲಾರದು. ವೈದ್ಯರು ಏನು ಹೇಳಿದರು, ಮುಂದಿನ ಸಲ ಯಾವಾಗ ಬರಬೇಕು ಎಂಬುದಷ್ಟೇ ಅವರ ಚಿಂತೆ. ಮುಂದಿನ ಸಲವೂ ಆ ಬಾಗಿಲು ತೆರೆದೇ ಇರುತ್ತದೆ ಎಂಬ ನಂಬಿಕೆಯನ್ನು ಅವರಿಗೆ ಬಿಟ್ಟುಹೋದವರು ಆ ಜರ್ಮನ್ ಪಾದ್ರಿ.